ಮಿತಿಯಿಲ್ಲದ ಇಂಟರ್ನೆಟ್ಟೂ ಅದರ ಮಿತಿಯೂ

ಕಡೂರಿನ ರೈಲು ನಿಲ್ದಾಣದಿಂದ ಪೇಟೆಯ ಕಡೆಗೆ ಬರುವ ದಾರಿಯಲ್ಲಿ ಒಂದು ಹಳೆಯ ಗೋಡೆಯುಂಟು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಕಾಲದಿಂದಲೂ ಆ ಗೋಡೆಯು ಒಂದಲ್ಲ ಒಂದು ಜಾಹೀರಾತನ್ನು ಹೊತ್ತುಕೊಂಡೇ ನಿಂತಿದೆ. ಮೊದಲು ಬೀಡಿ, ಆಮೇಲೆ ಸಿಮೆಂಟು, ನಡುನಡುವೆ ಚುನಾವಣೆಗಳು ಬಂದಾಗ ಅಭ್ಯರ್ಥಿಗಳ ಗುರುತುಗಳು. ಈಗ ಕೆಲವು ವರ್ಷಗಳಿಂದ ಅದು ಮೊಬೈಲ್ ಕಂಪೆನಿಗಳ ಪಾಲಿಗೆ ಸೇರಿದೆ. ಮೊಳದುದ್ದದ ಕನ್ನಡ ಅಕ್ಷರಗಳಲ್ಲಿ “ಅನ್‌ಲಿಮಿಟೆಡ್ ಇಂಟರ್ನೆಟ್” ಎಂದು ಬರೆದು, ಅದರ ತಲೆಯ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರವನ್ನಿಟ್ಟಿದ್ದಾರೆ. ಆ ನಕ್ಷತ್ರದ ಅರ್ಥವು ಗೋಡೆಯ ಬುಡದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಗಾತ್ರದ ಅಕ್ಷರಗಳಲ್ಲಿದೆ. ಮಳೆಗಾಲದಲ್ಲಿ ರಸ್ತೆಯ ಕೆಸರು ಎರಚಿ ಅದೂ ಮುಚ್ಚಿಹೋಗಿದೆ. ಪ್ರತಿ ಸಂಜೆ ಆ ದಾರಿಯಲ್ಲಿ ತಿರುಗಾಡಲು ಹೋಗುವ ನಾವು ತಿಂಗಳುಗಟ್ಟಲೆ ಅದನ್ನು ಓದಿದ್ದೆವೇ ಹೊರತು, ಅದು ಹೇಳುವುದಾದರೂ ಏನೆಂದು ಒಂದು ದಿನವೂ ವಿಚಾರಿಸಿರಲಿಲ್ಲ.

ವಿಚಾರಿಸುವಂತೆ ಮಾಡಿದವನು ಅಜ್ಜಂಪುರದ ಕಡೆಯ ನಮ್ಮ ಹಳೆಯ ಶಿಷ್ಯನೊಬ್ಬನು. ಈರುಳ್ಳಿ ಬೆಳೆಯುವ ಸಾಮಾನ್ಯ ರೈತ. ಅವನ ಹಿರಿಯ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ಬುದ್ಧಿವಂತೆ. ಅವಳು ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿಯನ್ನು ಹಾಕಬೇಕಾಗಿತ್ತು. ಈಗಿನ ಅರ್ಜಿಗಳೆಂದರೆ ಕಾಗದದವಲ್ಲವಷ್ಟೆ. ಜಾತಿಯ ಪತ್ರ, ಆದಾಯದ ಪತ್ರ, ಅಂಕಪಟ್ಟಿ ಎಲ್ಲವನ್ನೂ ಚಿತ್ರ ತೆಗೆದು ಇಂಟರ್ನೆಟ್ಟಿನ ಮೂಲಕವೇ ಕಳುಹಿಸತಕ್ಕದ್ದು. ಆದಾಯದ ಪತ್ರವು ಕೈಗೆ ಬಂದದ್ದೇ ಕೊನೆಯ ದಿನದ ಮಧ್ಯಾಹ್ನ. ಅಂದು ಬೆಳಗ್ಗೆ ಆಕೆ ಅದೇ ಫೋನಿನಲ್ಲಿ ಎರಡು ಪಾಠಗಳ ವಿಡಿಯೋ ನೋಡಿದ್ದಳು; ತಮ್ಮನು ಸ್ವಲ್ಪ ಹೊತ್ತು ಕ್ರಿಕೆಟ್ ನೋಡಿದ್ದನು. ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತು. ದಿನಕ್ಕೆ ಹತ್ತು ಜಾಹೀರಾತುಗಳು ಬರುವ ಫೋನಿನಲ್ಲಿ ಅದೂ ಒಂದು ಜಾಹೀರಾತೆಂದು ಅವಳು ಭಾವಿಸಿದಳು. ಅಲ್ಲಿಂದ ರಾತ್ರಿ ಹನ್ನೊಂದರವರೆಗೆ ಆ ಪುಟದಲ್ಲಿ ಸಣ್ಣದೊಂದು ಚಕ್ರವು ತಿರುಗುತ್ತಲೇ ಇದ್ದಿತಂತೆ. ಚಿತ್ರವು ಅರ್ಧ ಹೋಗುವುದರೊಳಗೆ ಪುಟದ ಕಾಲಾವಧಿ ಮುಗಿದು ಮತ್ತೆ ಮೊದಲಿನಿಂದ ಹೆಸರು, ಊರು, ತಂದೆಯ ಹೆಸರು ತುಂಬಬೇಕು. ಹಾಗೆ ಏಳು ಸಾರಿ ತುಂಬಿದಳಂತೆ. ಮಾರನೆಯ ದಿನ ಅರ್ಜಿಯ ಬಾಗಿಲು ಮುಚ್ಚಿತ್ತು.

ತಂದೆಯು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಹೇಳಿದ ಮಾತನ್ನು ನಾವು ಮರೆಯಲಾರೆವು. ಅವನು ಕಂಪೆನಿಯನ್ನು ದೂರಲಿಲ್ಲ. “ನಮ್ಮ ಹುಡುಗಿಗೆ ಫೋನು ಉಪಯೋಗಿಸಲು ಸರಿಯಾಗಿ ಬರುವುದಿಲ್ಲವೋ ಏನೋ ಸ್ವಾಮಿ. ಅನ್‌ಲಿಮಿಟೆಡ್ ಹಾಕಿಸಿದ್ದೆ. ಅನ್‌ಲಿಮಿಟೆಡ್ ಎಂದರೆ ಮುಗಿಯುವುದಿಲ್ಲವೆಂದೇ ಅಲ್ಲವೇ? ತಾವು ಮೇಷ್ಟರು, ಹೇಳಿ” ಎಂದನು. ನಾವು ಮೂವತ್ತು ವರ್ಷಗಳ ಕಾಲ ಪದಗಳಿಗೆ ಅರ್ಥವನ್ನು ಹೇಳಿಕೊಂಡೇ ಅನ್ನ ತಿಂದವರು. ಅಂದು ನಮಗೆ ಉತ್ತರ ತಿಳಿಯಲಿಲ್ಲ. ವಿಚಾರಿಸಿ ಹೇಳುತ್ತೇವೆಂದು ಕಾಫಿ ಕೊಟ್ಟು ಕಳುಹಿಸಿದೆವು.

ಬೀರೂರಿನಲ್ಲಿ ರೈಲುದಾರಿಯು ಕವಲೊಡೆದು ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಯ ಕಡೆಗೂ ಹೋಗುವುದಷ್ಟೆ. ಆ ತಿಂಗಳಲ್ಲಿ ನಮಗೆ ತರೀಕೆರೆಯಲ್ಲಿ ಒಂದು ಉಪನಯನವಿದ್ದಿತು. ಅಲ್ಲಿ ಎರಡು ದಿನ ಉಳಿದುಕೊಂಡು ಬಸ್ ನಿಲ್ದಾಣದ ಸುತ್ತಮುತ್ತಲ ರೀಚಾರ್ಜ್ ಅಂಗಡಿಗಳಲ್ಲಿ ವಿಚಾರಿಸಿದೆವು. ಮದುವೆ ಮುಂಜಿಗಳಿಗೆ ಬಂದ ಮುದುಕರು ಅಂಗಡಿ ಅಂಗಡಿ ತಿರುಗಿ ಇಂಟರ್ನೆಟ್ಟಿನ ವಿಷಯ ಕೇಳುವುದನ್ನು ಕಂಡು ಹುಡುಗರಿಗೆ ನಗು. ಆದರೂ ಅವರಲ್ಲೊಬ್ಬನು ಬಹು ವಿನಯದಿಂದ, ಪಾಠ ಹೇಳುವವನಂತೆ, ಎಲ್ಲವನ್ನೂ ವಿವರಿಸಿದನು. ಅವನು ಹೇಳಿದುದನ್ನೂ ಆಮೇಲೆ ನಾವು ಕಂಪೆನಿಗಳ ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಓದಿ ತಿಳಿದುದನ್ನೂ ಇಲ್ಲಿ ಬರೆಯುತ್ತೇವೆ.

ಸಾಮಾನ್ಯ ಗೃಹಸ್ಥನು ಹಾಕಿಸುವ ಯೋಜನೆಯಲ್ಲಿ ದಿನಕ್ಕೆ ಒಂದು, ಒಂದೂವರೆ ಅಥವಾ ಎರಡು ಗಿಗಾಬೈಟಿನಷ್ಟು ಪಾಲು ಇರುತ್ತದೆ. ನಡುರಾತ್ರಿಯಿಂದ ನಡುರಾತ್ರಿಗೆ ಲೆಕ್ಕ. ಉಳಿದುದು ಸಾಮಾನ್ಯವಾಗಿ ಮಾರನೆಯ ದಿನಕ್ಕೆ ಬರುವುದಿಲ್ಲ. ಪಾಲು ತೀರಿದೊಡನೆ ಸಂಪರ್ಕವು ನಿಲ್ಲುವುದಿಲ್ಲ, ವೇಗವು ಇಳಿಯುತ್ತದೆ. ಎಷ್ಟಕ್ಕೆ ಎಂದರೆ, ಜಿಯೊ ಮತ್ತು ಏರ್‌ಟೆಲ್ ಕಂಪೆನಿಗಳ ಇಂತಹ ಯೋಜನೆಗಳಲ್ಲಿ ಸೆಕೆಂಡಿಗೆ ೬೪ ಕಿಲೋಬಿಟ್ಟಿಗೆ, ಸರಕಾರದ ಬಿ.ಎಸ್.ಎನ್.ಎಲ್. ಸಂಸ್ಥೆಯ ಅನೇಕ ಯೋಜನೆಗಳಲ್ಲಿ ೪೦ ಕಿಲೋಬಿಟ್ಟಿಗೆ. ಸಂಪರ್ಕವು ನಿಲ್ಲಲಿಲ್ಲವಾದುದರಿಂದ ಅದು “ಅನ್‌ಲಿಮಿಟೆಡ್” ಎಂಬುದು ಕಂಪೆನಿಗಳ ಸಮರ್ಥನೆ.

ಈ ೬೪ ಎಂಬ ಸಂಖ್ಯೆಯನ್ನು ಕೇಳಿದರೆ ಬಹಳವೆಂದು ತೋರೀತು. ಲೆಕ್ಕ ಹಾಕೋಣ. ಎಂಟು ಬಿಟ್ಟುಗಳಿಗೆ ಒಂದು ಬೈಟಾದ ಕಾರಣ ೬೪ ಕಿಲೋಬಿಟ್ಟೆಂದರೆ ಸೆಕೆಂಡಿಗೆ ೮ ಕಿಲೋಬೈಟು. ಫೋನಿನಲ್ಲಿ ತೆಗೆದ ಒಂದು ಚಿತ್ರವು ೪ ಮೆಗಾಬೈಟ್ ಇದ್ದರೆ ಅದು ಹೋಗಿ ತಲುಪಲು ೫೦೦ ಸೆಕೆಂಡು, ಅಂದರೆ ಎಂಟು ನಿಮಿಷಕ್ಕೆ ಮೇಲೆ. ಪಾಠದ ವಿಡಿಯೋ ಒಂದು ೩೦೦ ಮೆಗಾಬೈಟ್ ಇದ್ದರೆ ೩೭,೫೦೦ ಸೆಕೆಂಡು. ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಅದೂ ಕಾಗದದ ಮೇಲಿನ ಲೆಕ್ಕ. ಗಾಳಿಯಲ್ಲಿ ಆಗುವ ನಷ್ಟವನ್ನೂ, ಅದೇ ಫೋನಿನಲ್ಲಿ ನಮಗೆ ತಿಳಿಯದಂತೆ ಒಳಗೊಳಗೆ ಕೆಲಸ ಮಾಡುವ ಹತ್ತಾರು ಆಪ್‌ಗಳನ್ನೂ ಬಿಟ್ಟು ಹೇಳಿದ್ದು. ಸೆಕೆಂಡಿಗೆ ಕನಿಷ್ಠ ೨ ಮೆಗಾಬಿಟ್ ಇಲ್ಲದಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಕೂಡದೆಂದು ಭಾರತ ಸರಕಾರವೇ ೨೦೨೩ರಲ್ಲಿ ಗೊತ್ತುಮಾಡಿದೆ. ೬೪ ಕಿಲೋಬಿಟ್ಟೆಂಬುದು ಅದರಲ್ಲಿ ಮೂವತ್ತೊಂದನೆಯ ಒಂದು ಪಾಲು. ಆ ಹುಡುಗಿಯ ಚಕ್ರವು ಏಕೆ ತಿರುಗುತ್ತಿದ್ದಿತೆಂಬುದು ನಮಗೆ ತರೀಕೆರೆಯ ಬಸ್ ನಿಲ್ದಾಣದಲ್ಲಿ, ಒಂದು ಸಿಗರೇಟು ಪೆಟ್ಟಿಗೆಯ ಹಿಂಬದಿಯಲ್ಲಿ ಈ ಗುಣಾಕಾರ ಮಾಡುವಾಗ ತಿಳಿಯಿತು.

ಇನ್ನೂ ಒಂದು ಸಂಗತಿ ಅಲ್ಲಿಯೇ ತಿಳಿದುಬಂದಿತು. ಅದು ಮೊದಲಿನದಕ್ಕಿಂತ ಹೆಚ್ಚು ನೋವಿನದು. ದಿನದ ಪಾಲು ತೀರಿದವರು ಸ್ವಲ್ಪ ಹಣ ಕೊಟ್ಟು ಒಂದೋ ಎರಡೋ ಗಿಗಾಬೈಟಿನ ಉಪಚೀಟಿಯನ್ನು ಕೊಳ್ಳಬಹುದಂತೆ. ಎರಡು ಕಾಫಿಯ ಬೆಲೆ. ಅಂದು ಮಧ್ಯಾಹ್ನ ಅದನ್ನು ಹಾಕಿಸಿದ್ದರೆ ಅರ್ಜಿಯು ಕಾಲು ಗಂಟೆಯೊಳಗೆ ಹೋಗುತ್ತಿದ್ದಿತು. ಆದರೆ ಮುಗಿಯುವುದೇ ಇಲ್ಲವೆಂದು ನಂಬಿದವನು ಮುಗಿದುದನ್ನು ತುಂಬಿಸಿಕೊಳ್ಳಲು ಯಾಕೆ ಹೋದಾನು? ಜಾಹೀರಾತಿನ ಮಾತು ಅವನಿಗೆ ಇಲ್ಲದ ವಸ್ತುವನ್ನು ಇದೆಯೆಂದು ತೋರಿಸಿದ್ದು ಮಾತ್ರವಲ್ಲದೆ, ಇದ್ದ ಪರಿಹಾರವನ್ನೂ ಕಣ್ಣಿಗೆ ಮರೆಮಾಡಿತು.

ಈಗ ಪದದ ವಿಷಯಕ್ಕೆ ಬರೋಣ. ಅದು ನಮ್ಮ ಹಳೆಯ ಕಸಬು, ವಾಚಕರು ಒಂದು ಕ್ಷಣ ಸಹಿಸಿಕೊಳ್ಳಬೇಕು. ಇಂಗ್ಲಿಷಿನ ಈ “ಅನ್” ಎಂಬುದೂ ನಮ್ಮ ಸಂಸ್ಕೃತದ “ಅ”, “ಅನ್” ಎಂಬ ನಿಷೇಧದ ಉಪಪದವೂ ಒಂದೇ ಕುಲದವು. ನಮ್ಮ ವೈಯಾಕರಣರು ಈ ನಞ್ ಎಂಬುದಕ್ಕೆ ಆರು ಅರ್ಥಗಳನ್ನು ಹೇಳುತ್ತಾರೆ. ಅಭಾವವು ಅವುಗಳಲ್ಲಿ ಒಂದು ಮಾತ್ರ, ಅಲ್ಪತೆಯೆಂಬುದು ಇನ್ನೊಂದು. “ಅನುದರಾ ಕನ್ಯೆ” ಎಂದರೆ ಹೊಟ್ಟೆಯೇ ಇಲ್ಲದ ಕನ್ಯೆಯೆಂದು ಅರ್ಥವಲ್ಲ, ಸಣ್ಣ ನಡುವಿನವಳು ಎಂದು. ನಮ್ಮ ತರಗತಿಯಲ್ಲಿ ಈ ಉದಾಹರಣೆ ಬಂದಾಗಲೆಲ್ಲ ಹುಡುಗರು ನಗುತ್ತಿದ್ದರು. ಕಂಪೆನಿಗಳ “ಅನ್‌ಲಿಮಿಟೆಡ್” ಎಂಬುದು ಈ ಪ್ರಭೇದಕ್ಕೆ ಸೇರಿದ್ದೆಂದು ತೋರುತ್ತದೆ: ಮಿತಿಯಿಲ್ಲದ್ದು ಎಂದಲ್ಲ, ಸಣ್ಣ ಮಿತಿಯುಳ್ಳದ್ದು ಎಂದು. ಆದರೆ ಈರುಳ್ಳಿ ಬೆಳೆಯುವ ರೈತನು ಗೋಡೆಯ ಬರಹವನ್ನು ಓದುವಾಗ ಆರು ಅರ್ಥಗಳಲ್ಲಿ ಯಾವುದೆಂದು ನಿಶ್ಚಯಿಸಲು ವ್ಯಾಕರಣವನ್ನು ಬಿಚ್ಚಬೇಕೆಂಬುದು ನ್ಯಾಯವಲ್ಲ. ಲೋಕದಲ್ಲಿ ರೂಢಿಯಾದ ಅರ್ಥವೊಂದೇ ಅವನಿಗೆ ಸಿಕ್ಕತಕ್ಕದ್ದು.

ಜಾಹೀರಾತೆಂಬುದು ಸ್ತುತಿ, ಸ್ತುತಿಯಲ್ಲಿ ಉತ್ಪ್ರೇಕ್ಷೆಯಿರುವುದು ಸಹಜ, ಅದನ್ನು ಅಕ್ಷರಶಃ ಹಿಡಿಯಬಾರದು ಎಂದು ಕೆಲವರು ಹೇಳುತ್ತಾರೆ. ನಮ್ಮ ಮಿತ್ರರಾದ ವಕೀಲರೊಬ್ಬರು ಹೀಗೆಯೇ ವಾದಿಸಿದರು. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಮೀಮಾಂಸಕರು ವೇದವಾಕ್ಯಗಳನ್ನೇ ವಿಧಿಯೆಂದೂ ಅರ್ಥವಾದವೆಂದೂ ವಿಂಗಡಿಸಿ, ಅರ್ಥವಾದವು ಹೊಗಳಿಕೆಗಾಗಿ ಇರುವುದು, ಅದರ ಒಂದೊಂದು ಅಕ್ಷರವನ್ನೂ ಹಿಡಿದು ಜಗ್ಗಬಾರದು ಎಂದಿದ್ದಾರೆ. “ನಮ್ಮ ಕಾಫಿಪುಡಿ ಲೋಕೋತ್ತರ” ಎಂದು ಚಿಕ್ಕಮಗಳೂರಿನ ಅಂಗಡಿಯವನು ಬರೆದರೆ ಅದು ಅರ್ಥವಾದ. ಲೋಕವನ್ನೆಲ್ಲ ಸುತ್ತಿ ರುಚಿ ನೋಡಿ ಬಂದು ನಾವು ಅವನ ಮೇಲೆ ದಾವೆ ಹೂಡುವುದಿಲ್ಲ. ಆದರೆ “ಒಂದು ಪೌಂಡು” ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಹೊಗಳಿಕೆಯಲ್ಲ, ಅಳತೆ. “ಮಿತಿಯಿಲ್ಲ” ಎಂಬುದು ಯಾವ ಪಂಕ್ತಿಗೆ ಸೇರಿದ್ದು? ಅದು ಎಷ್ಟು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಅದೇ ಜಾಹೀರಾತಿನಲ್ಲಿ ಅದರ ಪಕ್ಕದಲ್ಲಿಯೇ ರೂಪಾಯಿಯೂ ಇದೆ, ದಿನಗಳ ಸಂಖ್ಯೆಯೂ ಇದೆ. ರೂಪಾಯಿಯ ಸಂಖ್ಯೆಯನ್ನು ಸ್ತುತಿಯೆಂದು ಭಾವಿಸಿ ನಾವು ಸ್ವಲ್ಪ ಕಡಮೆ ಕೊಟ್ಟರೆ ಕಂಪೆನಿಯು ಒಪ್ಪೀತೇ ಎಂದು ವಕೀಲರನ್ನು ಕೇಳಿದೆವು. ಅವರು ನಶ್ಯದ ಡಬ್ಬಿಯನ್ನು ಹುಡುಕಲಾರಂಭಿಸಿದರು.

ಮಿತಿಯಿರುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಗೋಪುರವೊಂದರಿಂದ ಹೊರಡುವ ತರಂಗಗಳ ಶಕ್ತಿಯು ಅದರ ಸುತ್ತಲಿನವರೆಲ್ಲರಿಗೂ ಸೇರಿದ್ದು. ಒಬ್ಬನು ಹಗಲಿರುಳೂ ಚಲನಚಿತ್ರಗಳನ್ನೇ ನೋಡುತ್ತ ಕುಳಿತರೆ ಪಕ್ಕದ ಮನೆಯವನಿಗೆ ಕಾಗದ ಕಳುಹಿಸುವಷ್ಟೂ ಉಳಿಯದೆ ಹೋಗಬಹುದು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಂದ ಹೊರಟ ಕಾಲುವೆಯ ನೀರು ದಾವಣಗೆರೆಯ ಕಡೆಯ ಕೊನೆಯ ಗದ್ದೆಯವರೆಗೆ ಹೋಗಬೇಕಾದರೆ ಮೇಲಿನವರಿಗೆ ಸರದಿಯೂ ಮಿತಿಯೂ ಇರಲೇಬೇಕು. ಆದರೆ ನೀರಾವರಿಯ ಇಂಜಿನಿಯರರು ತೂಬಿನ ಮೇಲೆ “ಅಪರಿಮಿತ ನೀರು” ಎಂದು ಹಲಗೆ ತೂಗಹಾಕಿ, ಬೆಳಗ್ಗೆ ಒಂದು ತಾಸು ನೀರು ಬಿಟ್ಟು, ಆಮೇಲೆ ತೊಟ್ಟು ತೊಟ್ಟಾಗಿ ಇಳಿಸಿ, “ನೀರೇನು ನಿಂತಿಲ್ಲವಲ್ಲ” ಎಂದು ಹೇಳುವುದಿಲ್ಲ. ಇಂಥ ದಿನ, ಇಷ್ಟು ಪ್ರಮಾಣ ಎಂದು ಮೊದಲೇ ಪ್ರಕಟಿಸುತ್ತಾರೆ. ರೈತನು ಬೈದುಕೊಂಡಾದರೂ ಅದಕ್ಕೆ ತಕ್ಕಂತೆ ನಾಟಿ ಮಾಡುತ್ತಾನೆ.

ಕಂಪೆನಿಗಳಿಂದ ಆದ ಉಪಕಾರವನ್ನೂ ಹೇಳದೆ ಇದ್ದರೆ ನಾವು ಪಕ್ಷಪಾತಿಗಳಾದೇವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಪ್ರಕಟಿಸಿದ ಲೆಕ್ಕದಂತೆ ೨೦೧೪ರಲ್ಲಿ ಒಂದು ಗಿಗಾಬೈಟಿಗೆ ಸರಾಸರಿ ೨೬೯ ರೂಪಾಯಿಗಳಷ್ಟಿದ್ದ ಬೆಲೆಯು ೨೦೧೮ರ ಹೊತ್ತಿಗೆ ಹನ್ನೆರಡು ರೂಪಾಯಿಗಳೊಳಗೆ ಇಳಿಯಿತು. ನಡುವೆ, ೨೦೧೬ರ ಸೆಪ್ಟೆಂಬರ್ ೫ರಂದು, ಜಿಯೊ ಕಂಪೆನಿಯು ಕೆಲವು ತಿಂಗಳ ಕಾಲ ಉಚಿತವೆಂದು ಸಾರಿ ಮಾರುಕಟ್ಟೆಗೆ ಬಂದದ್ದೇ ಇದಕ್ಕೆ ಮುಖ್ಯ ಕಾರಣ. ಕಡೂರಿನ ಸಂತೆಯಲ್ಲಿ ತೆಂಗಿನಕಾಯಿ ಮಾರುವವನು ಅರಸೀಕೆರೆಯ ದರವನ್ನು ಕುಳಿತಲ್ಲಿಯೇ ತಿಳಿಯುವುದೂ, ದುಬೈಯಲ್ಲಿರುವ ಮಗನ ಮುಖವನ್ನು ತಾಯಿಯು ಪ್ರತಿ ರಾತ್ರಿ ನೋಡುವುದೂ ಈ ಅಗ್ಗದಿಂದ ಸಾಧ್ಯವಾಯಿತು. ದಿನಕ್ಕೆ ಒಂದೂವರೆ ಗಿಗಾಬೈಟೆಂಬುದು ಅನೇಕರಿಗೆ ಸಾಕಾಗಿ ಮಿಗುವಷ್ಟು. ಅಷ್ಟು ಒಳ್ಳೆಯ ಪದಾರ್ಥವನ್ನು ಅದರ ನಿಜವಾದ ಹೆಸರಿನಿಂದಲೇ ಮಾರಬಾರದೇ ಎಂಬುದೇ ನಮ್ಮ ಆಶ್ಚರ್ಯ.

ಕಾಲದ ಅಳತೆಯಲ್ಲಿಯೂ ಹೀಗೆಯೇ ಒಂದು ವಿನೋದವುಂಟು. “ತಿಂಗಳ ಯೋಜನೆ” ಎಂದು ಜನರು ಕರೆಯುವುದು ವಾಸ್ತವವಾಗಿ ೨೮ ದಿನಗಳದ್ದು. ಚಾಂದ್ರಮಾನದಲ್ಲಿಯೂ ಸೌರಮಾನದಲ್ಲಿಯೂ ಇಂತಹ ತಿಂಗಳಿಲ್ಲ. ಫೆಬ್ರವರಿಯೊಂದೇ ಇದಕ್ಕೆ ಆಧಾರ. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ ೩೬೪. ಆದುದರಿಂದ ವರ್ಷಕ್ಕೆ ಹನ್ನೆರಡು ಸಾರಿಯಲ್ಲ, ಹದಿಮೂರು ಸಾರಿ ಹಣ ತೆರಬೇಕು. ನಮ್ಮ ಪಂಚಾಂಗದಲ್ಲಿ ಅಧಿಕಮಾಸವು ಬರಬೇಕಾದರೆ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳು ಕಾಯಬೇಕು. ಕಂಪೆನಿಯ ಪಂಚಾಂಗದಲ್ಲಿ ಅದು ಪ್ರತಿ ಸಂವತ್ಸರವೂ ಬರುತ್ತದೆ. ಜನರ ದೂರುಗಳ ಮೇಲೆ ೨೦೨೨ರಲ್ಲಿ ಟ್ರಾಯ್ ಸಂಸ್ಥೆಯು ಪ್ರತಿಯೊಂದು ಕಂಪೆನಿಯೂ ೩೦ ದಿನಗಳ ಯೋಜನೆಯೊಂದನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಯೊಂದನ್ನೂ ಇಟ್ಟಿರಲೇಬೇಕೆಂದು ಆಜ್ಞೆ ಮಾಡಿತು. ಕೇಳಿದವರಿಗೆ ಅದು ಸಿಕ್ಕುತ್ತದೆ. ಕೇಳದವರಿಗೆ ತೋರಿಸುವವರು ಕಡಮೆ.

ಈಚೆಗೆ “ಅನ್‌ಲಿಮಿಟೆಡ್ ೫ಜಿ” ಎಂಬ ಇನ್ನೊಂದು ಬರಹವು ಬಂದಿದೆ. ಇದರಲ್ಲಿ ದಿನದ ಪಾಲಿನ ಲೆಕ್ಕವಿಲ್ಲವೆಂಬುದು ನಿಜವೇ. ಆದರೆ ಅದಕ್ಕೆ ೫ಜಿ ಫೋನು ಬೇಕು, ಅದು ಹೆಚ್ಚಿನ ಬೆಲೆಯದು; ೫ಜಿ ತರಂಗವು ಇರುವ ಜಾಗದಲ್ಲಿ ನಿಂತಿರಬೇಕು; ಸಾಲದುದಕ್ಕೆ, ೨೦೨೪ರ ಜುಲೈ ತಿಂಗಳಲ್ಲಿ ದರಗಳು ಏರಿದಾಗ ಜಿಯೊ ಕಂಪೆನಿಯು ಈ ಸೌಲಭ್ಯವನ್ನು ದಿನಕ್ಕೆ ೨ ಗಿಗಾಬೈಟ್ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳಿಗೆ ಮಾತ್ರ ಸೀಮಿತಗೊಳಿಸಿತು. ಅಂದರೆ ಮಿತಿಯಿಲ್ಲದಿರುವಿಕೆಗೆ ಮೂರು ಮಿತಿಗಳು. ಕೆಮ್ಮಣ್ಣುಗುಂಡಿಯ ತಪ್ಪಲಿನ ಕಾಡುದಾರಿಗಳಲ್ಲಿ ಎರಡು ತಿರುವು ದಾಟಿದರೆ ಮಾತೇ ಕೇಳಿಸದ ಜಾಗಗಳುಂಟು. ಅಲ್ಲಿನ ತೋಟದ ಮನೆಯವನಿಗೆ ಈ ಗೋಡೆಬರಹವು ಏನು ಹೇಳೀತು?

ತೂಕ ಮತ್ತು ಅಳತೆಗಳಲ್ಲಿ ವರ್ತಕನು ಮಾಡುವ ಮೋಸವು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪತ್ತೆಹಚ್ಚಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದಲ್ಲಿ, ಕಂಟಕಶೋಧನವೆಂಬ ಅಧಿಕರಣದೊಳಗೆ ಇದಕ್ಕಾಗಿಯೇ ಒಂದು ಪ್ರಕರಣವಿದೆ. ಅಲ್ಪ ವ್ಯತ್ಯಾಸವನ್ನು ಕ್ಷಮಿಸಿ ಹೆಚ್ಚಿನದಕ್ಕೆ ದಂಡವನ್ನು ವಿಧಿಸಿರುವುದು ಅವನ ಲೋಕಜ್ಞಾನ. ನಮ್ಮ ಕಾಲದಲ್ಲಿ ಅಮೆರಿಕದವರು ಈ “ಅನ್‌ಲಿಮಿಟೆಡ್” ಎಂಬ ಮಾತನ್ನೇ ನ್ಯಾಯಸ್ಥಾನಕ್ಕೆ ಎಳೆದರು. ೨೦೦೭ರಲ್ಲಿ ವೆರೈಜನ್ ಕಂಪೆನಿಯು, ಅನ್‌ಲಿಮಿಟೆಡ್ ಎಂದು ಮಾರಿ ತಿಂಗಳಿಗೆ ೫ ಗಿಗಾಬೈಟ್ ದಾಟಿದವರ ಸಂಪರ್ಕವನ್ನು ಕಡಿದುಹಾಕಿದುದಕ್ಕಾಗಿ, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲರೊಡನೆ ರಾಜಿಯಾಗಿ ಗ್ರಾಹಕರಿಗೆ ಹಣ ಹಿಂದಿರುಗಿಸಿತು. ೨೦೧೪ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಟಿ ಅಂಡ್ ಟಿ ಕಂಪೆನಿಯ ಮೇಲೆ ದಾವೆ ಹೂಡಿತು. ಆರೋಪವೇನೆಂದರೆ, ಸಂಪರ್ಕವನ್ನು ಕಡಿಯದೆ, ವೇಗವನ್ನು ಮಾತ್ರ ಇಳಿಸಿ, ಅದನ್ನು ಮೊದಲೇ ಸರಿಯಾಗಿ ತಿಳಿಸಲಿಲ್ಲವೆಂಬುದು. ನಮ್ಮ ಕಂಪೆನಿಗಳು “ನಿಲ್ಲಲಿಲ್ಲವಲ್ಲ” ಎಂದು ಹೇಳುವ ಸಮಾಧಾನವೇ ಅಲ್ಲಿ ವಿವಾದದ ಮೂಲವಾಯಿತು. ಐದು ವರ್ಷ ನಡೆದ ಮೊಕದ್ದಮೆಯು ೨೦೧೯ರಲ್ಲಿ ಆರು ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಇನ್ನು ಮುಂದೆ ಮಿತಿಯಿದ್ದರೆ ಅದನ್ನು ಸಣ್ಣ ಅಕ್ಷರಗಳಲ್ಲಿ ಬಚ್ಚಿಡದೆ ಎದ್ದುಕಾಣುವಂತೆ ಹೇಳತಕ್ಕದ್ದೆಂದು ಕಟ್ಟಳೆಯಾಯಿತು.

ನಮ್ಮ ದೇಶದಲ್ಲಿಯೂ ೨೦೧೮ರಲ್ಲಿ ಇಂತಹುದೇ ಒಂದು ಜಗಳವು ದೆಹಲಿಯ ಹೈಕೋರ್ಟಿಗೆ ಹೋಯಿತು. ಐ.ಪಿ.ಎಲ್. ಕ್ರಿಕೆಟ್ಟನ್ನು ಉಚಿತವಾಗಿ ನೋಡಬಹುದೆಂದು ಏರ್‌ಟೆಲ್ ಜಾಹೀರಾತು ಕೊಟ್ಟಿದ್ದಿತು. ಜಿಯೊ ಕಂಪೆನಿಯು ಅದನ್ನು ಪ್ರಶ್ನಿಸಿತು. ಆಪಿನ ಚಂದಾ ಮಾತ್ರವೇ ಉಚಿತ, ಇಂಟರ್ನೆಟ್ಟಿನ ಖರ್ಚು ಯೋಜನೆಯಂತೆ ಆಗುತ್ತದೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ದೂರು ಕೊಟ್ಟವನು ಗ್ರಾಹಕನಲ್ಲ, ಎದುರಾಳಿ ವರ್ತಕನು.

೨೦೧೯ರ ಗ್ರಾಹಕರ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈಯಲ್ಲಿ ಜಾರಿಗೆ ಬಂದಿತು. ದಾರಿತಪ್ಪಿಸುವ ಜಾಹೀರಾತು ಯಾವುದೆಂಬುದಕ್ಕೆ ಅದು ಲಕ್ಷಣವನ್ನು ಹೇಳಿದೆ. ಪದಾರ್ಥದ ಸ್ವರೂಪ, ಗುಣ, ಪ್ರಮಾಣಗಳ ವಿಷಯದಲ್ಲಿ ಗ್ರಾಹಕನನ್ನು ತಪ್ಪುದಾರಿಗೆಳೆಯಬಹುದಾದದ್ದೂ, ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚಿದ್ದೂ ಅದರಲ್ಲಿ ಸೇರುತ್ತವೆ. ಪ್ರಮಾಣವೆಂಬ ಮಾತನ್ನು ವಾಚಕರು ನೋಡಬೇಕು. ಇದರ ಮೇಲೆ ೨೦೨೨ರ ಜೂನ್ ೯ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ಇನ್ನೂ ಸ್ಪಷ್ಟವಾಗಿವೆ. ನಕ್ಷತ್ರದ ಕೆಳಗಿನ ಷರತ್ತು ಮೇಲಿನ ಮಾತನ್ನು ವಿವರಿಸಬಹುದು, ಅಲ್ಲಗಳೆಯಕೂಡದು. ತಪ್ಪುದಾರಿಗೆಳೆಯುವ ಮಾತನ್ನು ಷರತ್ತಿನಿಂದ ತಿದ್ದಲು ಹೋಗಕೂಡದು. ಮೇಲಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರತಕ್ಕದ್ದು. ಉತ್ಸರ್ಗವನ್ನು ಕನ್ನಡದಲ್ಲಿಯೂ ಅಪವಾದವನ್ನು ಇಂಗ್ಲಿಷಿನಲ್ಲಿಯೂ ಬರೆದಿರುವ ನಮ್ಮ ಕಡೂರಿನ ಗೋಡೆಯ ಪಕ್ಕದಲ್ಲಿ ನಿಂತು ಈ ಮೂರು ನಿಯಮಗಳನ್ನು ನಾವು ಮನಸ್ಸಿನಲ್ಲಿಯೇ ಓದಿಕೊಂಡೆವು. ಮೊದಲ ಸಲ ತಪ್ಪಿದವರಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ ಮತ್ತೆ ಮತ್ತೆ ತಪ್ಪಿದವರಿಗೆ ಐವತ್ತು ಲಕ್ಷದವರೆಗೂ ದಂಡ ವಿಧಿಸಲು ಆ ಪ್ರಾಧಿಕಾರಕ್ಕೆ ಅಧಿಕಾರವುಂಟು.

ಹೀಗಿದ್ದರೂ ದೂರು ಕೊಡುವವರು ಯಾರು? ಮೊಬೈಲ್ ಕಂಪೆನಿಗಳ ಮೇಲೆ ಗ್ರಾಹಕರ ನ್ಯಾಯಸ್ಥಾನಕ್ಕೆ ಹೋಗಲು ಬರುವುದಿಲ್ಲವೆಂಬ ಒಂದು ನಂಬಿಕೆ ವಕೀಲರಲ್ಲಿಯೂ ಇದ್ದಿತು. ೨೦೦೯ರ ಸುಪ್ರೀಂ ಕೋರ್ಟಿನ ತೀರ್ಪೊಂದು ಅದಕ್ಕೆ ಕಾರಣ. ೨೦೨೨ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ವೊಡಾಫೋನ್ ಐಡಿಯಾ ಕಂಪೆನಿಯ ಮೊಕದ್ದಮೆಯಲ್ಲಿ ಗ್ರಾಹಕರ ಆಯೋಗಗಳಿಗೆ ಇಂತಹ ದೂರುಗಳನ್ನು ವಿಚಾರಿಸುವ ಅಧಿಕಾರವಿದೆಯೆಂದು ತೀರ್ಪಿತ್ತಿತು. ಮೊದಲು ಕಂಪೆನಿಯ ದೂರುಕೇಂದ್ರಕ್ಕೆ ಹೇಳಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಕಂಪೆನಿಯಲ್ಲಿಯೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ೧೯೧೫ ಎಂಬುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ಕೊನೆಗೆ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣವು ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ವಕೀಲರನ್ನಿಡಬೇಕೆಂಬ ನಿರ್ಬಂಧವೂ ಇಲ್ಲ. ನಮ್ಮ ವಕೀಲಮಿತ್ರರಿಗೆ ಈ ಕೊನೆಯ ಅಂಶವು ಅಷ್ಟು ರುಚಿಸಲಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ನಾವು ಅಜ್ಜಂಪುರಕ್ಕೆ ಹೋದೆವು. ಶಿಷ್ಯನು ಎಲ್ಲವನ್ನೂ ಕೇಳಿದನು. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. “ಹಾಗಾದರೆ ಹುಡುಗಿಯದು ತಪ್ಪಲ್ಲ” ಎಂದಷ್ಟೇ ಅಂದನು. ಅವಳು ಒಳಗಿನಿಂದ ಮಜ್ಜಿಗೆ ತಂದಿಟ್ಟು, ಅರ್ಜಿಯ ಮಾತು ಬಂದದ್ದರಿಂದ ನಿಲ್ಲದೆ ಹೊರಟುಹೋದಳು. ಆ ವರ್ಷದ ಶುಲ್ಕಕ್ಕೆ ಅವನು ಈರುಳ್ಳಿಯ ವರ್ತಕನಿಂದ ಮುಂಗಡ ತೆಗೆದುಕೊಂಡಿದ್ದಾನೆಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಹಿಂದಿರುಗುವಾಗ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಪೇಟೆಯಲ್ಲಿ ಅವನು ಯಾವಾಗಲೂ ರೀಚಾರ್ಜ್ ಮಾಡಿಸುವ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನನೂ ನಮ್ಮ ಪಾಠ ಕೇಳಿದವನೇ ಎಂದು ಅವನೇ ಹೇಳಿದ ಮೇಲೆ ಗೊತ್ತಾಯಿತು. ಗ್ರಾಹಕರಿಗೆ ನಿಜವನ್ನು ಯಾಕೆ ಹೇಳಬಾರದೆಂದು ಕೇಳಿದೆವು. ಕೇಳಿದವರಿಗೆ ಹೇಳುತ್ತೇನೆ, ಬರೆದು ಹಾಕುವುದಾದರೆ ಏನೆಂದು ಬರೆಯಲಿ, ಮೇಷ್ಟರೇ ಬರೆದುಕೊಡಿ ಎಂದನು. ಅಂಗಡಿಯಲ್ಲಿದ್ದ ಒಂದು ಸ್ಲೇಟಿನ ಮೇಲೆ ನಾವು ಬರೆದೆವು: “ದಿನಕ್ಕೆ ೧.೫ ಜಿಬಿ. ಆಮೇಲೆ ಬಹಳ ನಿಧಾನ. ಬೇಕಾದವರು ಹೆಚ್ಚುವರಿ ಹಾಕಿಸಿಕೊಳ್ಳಬಹುದು. ೨೮ ದಿನ.” ಅವನು ಅದನ್ನು ಓದಿ, ಚೆನ್ನಾಗಿದೆ ಎಂದು, ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಒರಗಿಸಿ ಇಟ್ಟನು. ಹೊರಗೆ ಏಕೆ ಹಾಕಬಾರದೆಂದುದಕ್ಕೆ, ಹೊರಗಿನ ಜಾಗವು ಕಂಪೆನಿಯವರದು, ತಿಂಗಳಿಗೊಮ್ಮೆ ಅವರ ಮನುಷ್ಯನು ಬಂದು ನೋಡಿಹೋಗುತ್ತಾನೆ ಎಂದನು. ಮೊನ್ನೆ ಹೋದಾಗ ನೋಡಿದೆವು. ಸ್ಲೇಟು ಅಲ್ಲಿಯೇ ಇದೆ, ಅಕ್ಷರಗಳು ಸ್ವಲ್ಪ ಅಳಿಸಿವೆ. ಒಳಗೆ ಬಗ್ಗಿ ನೋಡಿದವರಿಗೆ ಕಾಣುತ್ತದೆ.